ಮೇಷ್ಟ್ರ ರಾಜನೂ ನಮ್ಮ ಮನೆಯ ಗೋಡೆಯೂ

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಈಗ ಎಷ್ಟು ಮನೆಗಳಲ್ಲಿ ಉಳಿದಿದೆಯೋ ಗೊತ್ತಿಲ್ಲ. ದೇವನಹಳ್ಳಿಯ ನಮ್ಮ ಮನೆಯಲ್ಲಂತೂ ಎರಡಿವೆ. ಒಂದು ದಿನಸಿ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ತಿಥಿ, ನಕ್ಷತ್ರ, ರಾಹುಕಾಲ. ಇನ್ನೊಂದು ದೊಡ್ಡಬಳ್ಳಾಪುರದ ಪ್ರಭುದಾಸ್ ಮೇಷ್ಟ್ರು ಪ್ರತಿ ಹೊಸ ವರ್ಷಕ್ಕೆ ಕೇಕಿನ ಜೊತೆ ಕಳಿಸುವುದು. ಅದರಲ್ಲಿ ತಾರೀಕಿನ ಕೆಳಗೆ ಬೈಬಲ್ಲಿನದೊಂದು ಮಾತಿರುತ್ತದೆ. ನಾವು ಚೌಡೇಶ್ವರಿಯ ಒಕ್ಕಲು. ಆದರೂ ಅಡುಗೆಮನೆಯ ಬಾಗಿಲ ಪಕ್ಕ ಎರಡೂ ಒಂದೇ ಮೊಳೆಗೆ ನೇತಾಡುತ್ತವೆ. ರಾಹುಕಾಲ ನೋಡಿಕೊಂಡು ಮನೆ ಬಿಡುತ್ತೇನೆ, ಬಿಡುವ ಮುಂಚೆ ಆ ಮಾತನ್ನೂ ಓದಿಕೊಳ್ಳುತ್ತೇನೆ. ಯಾವ ದೇವರಿಗೂ ನನ್ನ ಮೇಲೆ ಬೇಜಾರಾಗಬಾರದಲ್ಲ.

ಹಾಳೆ ಹರಿಯುವ ಕೆಲಸ ನನ್ನದು. ನಮ್ಮ ಯಜಮಾನರು ಕಾಫಿ ಕುಡಿಯುತ್ತಾ, ಹವಾಮಾನ ವಿಚಾರಿಸುವವರ ಹಾಗೆ, ಇವತ್ತು ಬುದ್ಧಿ ಏನು ಬಂದಿದೆ ಎಂದು ಕೇಳುತ್ತಾರೆ. ನಾನು ಓದಿ ಹೇಳುತ್ತೇನೆ. ಅವರು ಹೂಂ ಎನ್ನುತ್ತಾರೆ. ಹರಿದ ಹಾಳೆಯ ಹಿಂಬದಿ ಖಾಲಿಯಿರುತ್ತದೆ, ಅದರ ಮೇಲೆ ಒಗ್ಗರಣೆಗೆ ಬೇಕಾದ ಕರಿಬೇವು ಬಿಡಿಸಿಕೊಳ್ಳುತ್ತೇನೆ. ಹೀಗೆ ವರ್ಷಗಟ್ಟಲೆ ಜ್ಞಾನವೆಲ್ಲ ನಮ್ಮ ಮನೆಯಲ್ಲಿ ಕರಿಬೇವಿನ ಕಡ್ಡಿಯ ಜೊತೆ ಕಸದ ಬುಟ್ಟಿಗೆ ಹೋಗಿದೆ.

ಇವತ್ತಿನ ಹಾಳೆ ಮಾತ್ರ ಹೋಗಲಿಲ್ಲ. ಅದರಲ್ಲಿದ್ದ ಮಾತಿನ ಸಾರಾಂಶ ಇಷ್ಟು: ಜ್ಞಾನವೆಂಬುವಳು ಬೀದಿಯಲ್ಲಿ ನಿಂತು, ನಾಲ್ಕು ದಾರಿ ಕೂಡುವಲ್ಲಿ ನಿಂತು, ಬಾಗಿಲುಗಳ ಮುಂದೆ ನಿಂತು ಕೂಗುತ್ತಾಳಂತೆ. ಕೇಳುವವರಿಲ್ಲವಂತೆ. ಯಜಮಾನರು ಬುದ್ಧಿ ಏನು ಬಂದಿದೆ ಎಂದು ಎರಡು ಸಲ ಕೇಳಿದರು. ನಾನು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಹಾಳೆಯನ್ನು ಟೀಪುಡಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ಅದರ ಮೇಲೆ ಕರಿಬೇವು ಬಿಡಿಸಲು ಕೈ ಬರಲಿಲ್ಲ.

ಬೀದಿಯಲ್ಲಿ ಕೂಗುವ ವಿಷಯ ಬಂದದ್ದರಿಂದ ನಮ್ಮ ಬೀದಿಯ ಬಗ್ಗೆ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ. ಅಲ್ಲಿ ಮನೆಗೆ ಮಗ್ಗವಿತ್ತು ಎನ್ನುವುದಕ್ಕಿಂತ ಮಗ್ಗಕ್ಕೆ ಮನೆಯಿತ್ತು ಎನ್ನಬೇಕು. ಮುಂದಿನ ದೊಡ್ಡ ಕೋಣೆಯೆಲ್ಲ ಪವರ್‌ಲೂಮಿನದು. ಅದರ ಹಿಂದೆ ಅಡುಗೆಮನೆ, ಅದರ ಪಕ್ಕ ದೇವರ ಗೂಡು, ಉಳಿದ ಜಾಗದಲ್ಲಿ ನಾವು. ಲಾಳಿ ಆ ಕಡೆ ಈ ಕಡೆ ಬಡಿಯುವ ಸದ್ದು ಬೆಳಗಿನಿಂದ ರಾತ್ರಿಯವರೆಗೂ ಇರುತ್ತಿತ್ತು. ಗೋಡೆಯಲ್ಲಿನ ಮೊಳೆಗಳು ಸಡಿಲವಾಗುತ್ತಿದ್ದವು, ಅಟ್ಟದ ಮೇಲಿನ ಪಾತ್ರೆಗಳು ತಾವಾಗಿಯೇ ಅಂಚಿಗೆ ಸರಿಯುತ್ತಿದ್ದವು. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಕೂಗಲೇಬೇಕು. ಉಪ್ಪು ಕೊಡು ಎನ್ನುವುದನ್ನೂ ಕೂಗಿ, ಪಕ್ಕದ ಮನೆಯವಳಿಗೆ ಗುಟ್ಟು ಹೇಳುವುದನ್ನೂ ಕೂಗಿ ಹೇಳುತ್ತಿದ್ದೆವು. ಹಾಗಾಗಿ ನಮ್ಮ ಬೀದಿಯಲ್ಲಿ ಗುಟ್ಟು ಉಳಿಯುತ್ತಿರಲಿಲ್ಲ.

ಮದುವೆಯಾಗಿ ದೇವನಹಳ್ಳಿಗೆ ಬಂದ ಹೊಸತರಲ್ಲಿ, ಅತ್ತೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ನಿನಗೆ ನಮ್ಮ ಮೇಲೆ ಯಾಕಮ್ಮ ಇಷ್ಟು ಕೋಪ ಎಂದು ಕೇಳಿದರು. ನಾನು ಅಂದು ಅವರಿಗೆ ಹೇಳಿದ್ದು ಸಾರು ರುಚಿಯಾಗಿದೆ ಎಂದಷ್ಟೇ. ಈಗಲೂ ನಾನು ಫೋನಿನಲ್ಲಿ ಮಾತಾಡಿದರೆ ಎದುರು ಮನೆಯವರು ಕಿಟಕಿ ತೆಗೆಯುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ನನ್ನ ಒಂಬತ್ತನೇ ಕ್ಲಾಸಿನ ಪಾಠದಿಂದ ಪಕ್ಕದ ಕೋಣೆಯ ಎಂಟನೇ ಕ್ಲಾಸಿನವರೂ ಪಾಸಾದರು ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು.

ಅಮ್ಮನಿಗೆ ಇದರ ಉಲ್ಟಾ ಕಾಯಿಲೆ. ಮಗ್ಗ ಓಡುತ್ತಿದ್ದರೆ ಮಧ್ಯಾಹ್ನ ಒಂದು ಜೊಂಪು ನಿದ್ದೆ ಮಾಡುತ್ತಾಳೆ. ಮಗ್ಗ ನಿಂತ ತಕ್ಷಣ ಎದ್ದು ಕೂತು ಏನಾಯ್ತು ಎನ್ನುತ್ತಾಳೆ. ಒಂದು ಸಲ ಹಟ ಮಾಡಿ ಅವಳನ್ನು ನಮ್ಮ ಮನೆಗೆ ಕರೆತಂದಿದ್ದೆ. ಇಲ್ಲಿ ವಿಮಾನ ಹಾರುತ್ತದೆಯೇ ಹೊರತು ಮಗ್ಗ ಬಡಿಯುವುದಿಲ್ಲವಲ್ಲ, ವಾರ ಪೂರ್ತಿ ಕಣ್ಣು ಮುಚ್ಚಲಿಲ್ಲ. ಕೊನೆಗೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತು, ಬಸ್ಸು ಹತ್ತಿಸು ಎಂದಳು. ಹತ್ತಿಸಿದೆ.

ಇಂಥ ಬೀದಿಗೆ ಪ್ರಭುದಾಸ್ ಮೇಷ್ಟ್ರು ಬಂದದ್ದು ನನ್ನ ಚಿಕ್ಕಂದಿನಲ್ಲಿ. ಲೆಕ್ಕದ ಮೇಷ್ಟ್ರು. ಬೀದಿಯ ತುದಿಯ ಮನೆ ಬಾಡಿಗೆಗೆ ಹಿಡಿದರು. ಈ ಸದ್ದಿನಲ್ಲಿ ಇವರು ತಿಂಗಳು ನಿಲ್ಲುವುದಿಲ್ಲ ಎಂದುಕೊಂಡಿದ್ದೆವು, ಅವರು ಇವತ್ತಿಗೂ ಅಲ್ಲೇ ಇದ್ದಾರೆ. ಬೀದಿಯಲ್ಲಿ ಅವರೊಬ್ಬರೇ ಮೆಲ್ಲಗೆ ಮಾತಾಡುವವರು. ಅದಕ್ಕೇ ಅವರ ಮಾತು ಕೇಳಬೇಕಾದರೆ ಕರೆಂಟು ಹೋಗಬೇಕಾಗಿತ್ತು. ಆಗೆಲ್ಲ ಕರೆಂಟು ಧಾರಾಳವಾಗಿ ಹೋಗುತ್ತಿತ್ತು. ಮಗ್ಗಗಳು ಒಂದೊಂದಾಗಿ ನಿಂತು ಬೀದಿ ಸ್ತಬ್ಧವಾದಾಗ ಮೇಷ್ಟ್ರು ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ನೇಯುವವರೆಲ್ಲ ಬೆವರು ಒರೆಸಿಕೊಂಡು ಹೊರಗೆ ಕೂರುತ್ತಿದ್ದರು. ಮಕ್ಕಳು ಮೇಷ್ಟ್ರ ಸುತ್ತ ಕೂತು ಕಥೆ ಎನ್ನುತ್ತಿದ್ದೆವು.

ಅವರ ಕಥೆಗಳಲ್ಲಿ ಒಬ್ಬ ರಾಜನಿದ್ದ. ಬೈಬಲ್ಲಿನ ರಾಜ. ಹೆಸರು ಹೇಳಿದ್ದರು, ನಮ್ಮ ನಾಲಿಗೆಗೆ ತಿರುಗಲಿಲ್ಲ. ನಮ್ಮ ಬೀದಿಯವರಿಗೆ ಅವನು ಮೇಷ್ಟ್ರ ರಾಜ ಅಷ್ಟೇ. ದೇವರು ಅವನ ಕನಸಿನಲ್ಲಿ ಬಂದು ಏನು ಬೇಕು ಕೇಳು ಎಂದನಂತೆ. ಅವನು ಐಶ್ವರ್ಯ ಕೇಳಲಿಲ್ಲ, ಆಯಸ್ಸು ಕೇಳಲಿಲ್ಲ, ಶತ್ರುಗಳ ತಲೆ ಕೇಳಲಿಲ್ಲ. ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತಿಳಿಯುವ ಮನಸ್ಸು ಕೊಡು ಎಂದನಂತೆ. ನೀವಾಗಿದ್ದರೆ ಏನು ಕೇಳುತ್ತಿದ್ದಿರಿ ಎಂದು ಮೇಷ್ಟ್ರು ನಮ್ಮನ್ನು ಕೇಳಿದರು. ನಮ್ಮಣ್ಣ ನಾಗರಾಜ ಬುಲೆಟ್ ಗಾಡಿ ಎಂದ. ತಮ್ಮ ಶಂಕರ ಅಣ್ಣನದಕ್ಕಿಂತ ದೊಡ್ಡ ಬುಲೆಟ್ ಗಾಡಿ ಎಂದ. ನಾನು ಜಾಣೆ, ಬುದ್ಧಿ ಎಂದೆ. ಹಾಗೆಂದರೆ ಮೇಷ್ಟ್ರು ಶಹಭಾಸ್ ಎನ್ನುತ್ತಾರೆ ಎನ್ನುವಷ್ಟು ಬುದ್ಧಿ ಆಗಲೇ ಇತ್ತು. ಅಪ್ಪ ಬೀಡಿ ಹಚ್ಚಿಕೊಳ್ಳುತ್ತಾ, ದೇವರು ನನ್ನ ಕನಸಿಗೆ ಬಂದ್ರೆ ಕರೆಂಟು ಕೇಳ್ತೀನಿ ಎಂದ. ಇಡೀ ಬೀದಿ ಅಪ್ಪನ ಕಡೆಗೇ ಆಯಿತು.

ನಾವು ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದುದು ಆ ರಾಜನ ಇನ್ನೊಂದು ಕಥೆ. ನಿಮಗೂ ಗೊತ್ತಿರುತ್ತದೆ. ಇಬ್ಬರು ಹೆಂಗಸರು ಒಂದು ಮಗುವನ್ನು ಹಿಡಿದುಕೊಂಡು ಬಂದು ಇದು ನನ್ನದು, ನನ್ನದು ಎಂದು ಕಿತ್ತಾಡುತ್ತಾರೆ. ರಾಜ ಕತ್ತಿ ತರಿಸಿ, ಎರಡು ತುಂಡು ಮಾಡಿ ಆಳಿಗೊಂದು ಕೊಡಿ ಎನ್ನುತ್ತಾನೆ. ಒಬ್ಬಳು ಆಗಲಿ ಎನ್ನುತ್ತಾಳೆ. ಇನ್ನೊಬ್ಬಳು, ಬೇಡ ಬೇಡ, ಅವಳಿಗೇ ಕೊಟ್ಟುಬಿಡಿ, ಮಗು ಬದುಕಿರಲಿ ಎನ್ನುತ್ತಾಳೆ. ಬೇಡ ಎಂದವಳೇ ತಾಯಿ. ಮೊದಲ ಸಲ ಕೇಳಿದಾಗ ಅಪ್ಪನಿಗೆ ಇದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ. ನೇಯುವವರ ಮನೆಯಲ್ಲಿ ದಿನಾ ಕತ್ತರಿ ಆಡುತ್ತದೆ. ಕತ್ತರಿ ಹಾಕಿದಾಗಲೇ ಸೀರೆ ಮಗ್ಗದಿಂದ ಇಳಿಯುವುದು. ನಾಗರಾಜನಂತೂ, ಯಾವ ಕಡೆಗೆ ಸೆರಗು ಬಂತು ಎಂದು ಕೇಳಿಯೇಬಿಟ್ಟ.

ಆಮೇಲೆ ಅದು ನಮ್ಮ ಆಟವಾಯಿತು. ದಿಂಬು ಮಗು. ನೂಲು ಸುತ್ತಿಡುವ ಮರದ ಪೆಟ್ಟಿಗೆ ಸಿಂಹಾಸನ. ನಾನು ರಾಜ, ಏಕೆಂದರೆ ನನ್ನದೇ ದೊಡ್ಡ ಗಂಟಲು. ಅಣ್ಣ ತಮ್ಮ ಇಬ್ಬರೂ ತಲೆಗೆ ಟವೆಲ್ ಹೊದ್ದ ಹೆಂಗಸರು. ಆದರೆ ಆಟ ಒಂದು ಸಲವೂ ಮುಗಿಯುತ್ತಿರಲಿಲ್ಲ. ನಾನು ಕತ್ತರಿಸಿ ಎನ್ನುವುದೇ ತಡ, ಇಬ್ಬರೂ ಒಟ್ಟಿಗೆ, ಬೇಡ, ಅವನಿಗೇ ಕೊಡಿ ಎಂದು ಅರಚುತ್ತಿದ್ದರು. ಹಾಗೆಂದವನಿಗೆ ಮಗು ಸಿಗುತ್ತದೆ ಎಂದು ಇಬ್ಬರಿಗೂ ಗೊತ್ತು. ನಾನು ಮೊದಲು ಅಂದೆ, ಇಲ್ಲ ನಾನು ಮೊದಲು ಎಂದು ಶುರುವಾಗಿ, ಕೊನೆಗೆ ದಿಂಬು ಹರಿದು ಮಗ್ಗದ ಮನೆಯ ತುಂಬ ಹತ್ತಿ. ಅಮ್ಮ ಸೌಟು ಹಿಡಿದು ಬಂದು ಯಾರು ಹರಿದದ್ದು ಎಂದು ನೋಡದೆ ಮೂವರಿಗೂ ಒಂದೊಂದು ಕೊಡುತ್ತಿದ್ದಳು. ನ್ಯಾಯ ಅಲ್ಲಿಗೆ ಮುಗಿಯುತ್ತಿತ್ತು.

ಅಮ್ಮನಿಗೆ ಮಾತ್ರ ಆ ಕಥೆ ಗೊತ್ತಿರಲಿಲ್ಲ. ಕರೆಂಟು ಹೋದರೆ ಎಲ್ಲರಿಗೂ ಬಿಡುವು, ಅವಳಿಗೆ ಅಡುಗೆಗೆ ಬಿಡುವು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮುಂದಿನಿಂದ ಎದ್ದು ಒಲೆಯ ಮುಂದೆ ಹೋಗುತ್ತಿದ್ದಳು. ನಾವು ಕಥೆ ಮುಗಿಸಿ ಒಳಗೆ ಬಂದಾಗ ಮುದ್ದೆ ಸಿದ್ಧವಾಗಿರುತ್ತಿತ್ತು. ದೇವರಿಗೆ ಭಯಪಡುವುದೇ ತಿಳಿವಳಿಕೆಯ ಮೊದಲ ಮೆಟ್ಟಿಲು ಎಂಬ ಅರ್ಥದ ಮಾತು ಮೇಷ್ಟ್ರ ಕ್ಯಾಲೆಂಡರಿನಲ್ಲಿ ವರ್ಷಕ್ಕೊಂದು ಸಲವಾದರೂ ಬರುತ್ತದೆ. ನಾನೊಮ್ಮೆ ಅದನ್ನು ಅಮ್ಮನಿಗೆ ಓದಿ ಹೇಳಿದ್ದೆ. ಭಯ ಭಕ್ತಿ ಇರ್ಬೇಕು ಅಂತ ನಾನು ಬಡ್ಕೊಳ್ಳೋದು ಇನ್ನೇನು ಎಂದು ಅವಳು ಹಿಟ್ಟಿನ ಕೋಲು ತಿರುಗಿಸಿದಳು.

ಬುದ್ಧಿಯೆಂದರೆ ಏನು ಎಂದು ನಾನು ಮೇಷ್ಟ್ರನ್ನು ಕೇಳಿದ್ದುಂಟು. ಆಗ ನಾನು ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಇಂಥ ಪ್ರಶ್ನೆ ಕೇಳುವ ವಯಸ್ಸು. ಅವರು ಲೆಕ್ಕದ ಮೇಷ್ಟ್ರಾದರೂ ಉತ್ತರಕ್ಕೆ ಮಗ್ಗದ ಕಡೆಗೇ ನೋಡಿದರು. ಎಳೆ ತುಂಡಾದದ್ದು ಕಂಡವನು ಜಾಣ ಕಣಮ್ಮ, ಕಂಡ ಕೂಡ್ಲೇ ಮಗ್ಗ ನಿಲ್ಲಿಸೋನು ಜ್ಞಾನಿ ಎಂದರು. ಆಗ ಅದು ನನಗೆ ಬಹಳ ಸಾದಾ ಮಾತೆನಿಸಿತು. ಎಳೆ ತುಂಡಾದದ್ದು ಕಂಡೂ, ಇನ್ನೊಂದು ಗೇಣು ನೇಯ್ದ ಮೇಲೆ ನಿಲ್ಲಿಸಿದರಾಯಿತು ಎನ್ನುವವರೇ ಬೀದಿ ತುಂಬ ಇದ್ದಾರೆ ಎಂದು ತಿಳಿಯಲು ನನಗೆ ವಯಸ್ಸಾಗಬೇಕಾಯಿತು.

ದೇವನಹಳ್ಳಿಯಲ್ಲಿ ಬುದ್ಧಿಯ ಅರ್ಥವೇ ಬೇರೆ. ವಿಮಾನ ನಿಲ್ದಾಣ ಬರುವ ಮೊದಲು ಜಮೀನು ಮಾರಿದವನು ದಡ್ಡ, ಮಾರದೆ ಇಟ್ಟುಕೊಂಡವನು ಬುದ್ಧಿವಂತ. ಮಾರುವ ದಿನ ಇಬ್ಬರಿಗೂ ಗೊತ್ತಿದ್ದದ್ದು ಒಂದೇ, ಏನೂ ಗೊತ್ತಿರಲಿಲ್ಲ. ಈಗ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬರು ಬುದ್ಧಿವಂತರಿದ್ದಾರೆ. ಅವರು ದೊಡ್ಡ ಕಾರಿನಲ್ಲಿ ಬಂದರೆ ನಮ್ಮ ಯಜಮಾನರು ಎದ್ದು ನಿಂತು ಸಲಹೆ ಕೇಳುತ್ತಾರೆ. ನಮ್ಮ ಹತ್ತಿರ ಜಮೀನಿಲ್ಲ, ಆದರೂ ಕೇಳುತ್ತಾರೆ. ನಾನು ನಗುತ್ತೇನೆ. ನಕ್ಕ ಮೇಲೆ ನನ್ನ ತವರು ಮನೆ ನೆನಪಾಗುತ್ತದೆ.

ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಕೆಲವು ಕಾಲ ಚೆನ್ನಾಗಿಯೇ ಇದ್ದರು. ನಾಗರಾಜ ಮಗ್ಗ ನೋಡಿಕೊಳ್ಳುತ್ತಿದ್ದ, ಶಂಕರ ಸೀರೆ ವ್ಯಾಪಾರ. ಒಬ್ಬ ನೇಯುವುದು, ಒಬ್ಬ ಮಾರುವುದು, ಇದಕ್ಕಿಂತ ಚೆಂದದ ಹೊಂದಾಣಿಕೆ ಯಾವುದು ಎಂದು ಬೀದಿಯವರು ಹೇಳುತ್ತಿದ್ದರು. ಆಮೇಲೆ ಶಂಕರನಿಗೆ ಮುಂದಿನ ಕೋಣೆಯಲ್ಲಿ ಗಾಜಿನ ಶೋಕೇಸಿನ ಅಂಗಡಿ ಬೇಕೆನಿಸಿತು. ಮಗ್ಗ ಓಡಿದರೆ ಗಾಜು ಅದುರುತ್ತದೆ. ನಾಗರಾಜನಿಗೆ ಅದೇ ಕೋಣೆಯಲ್ಲಿ ಇನ್ನೂ ಮಗ್ಗ ಹಾಕಬೇಕೆನಿಸಿತು. ಮೊದಲು ಕೋಣೆಯ ಮಾತು, ಆಮೇಲೆ ಇಡೀ ಮನೆಯ ಮಾತು. ಅಮ್ಮ ಯಾರಿಗೆ ಮೊದಲು ಬಡಿಸಿದಳು ಎನ್ನುವವರೆಗೂ ಬಂತು. ಎಳೆ ತುಂಡಾದದ್ದು ಎಲ್ಲರಿಗೂ ಕಾಣುತ್ತಿತ್ತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಬೀದಿಯವರು ನಮ್ಮ ಮನೆಗೇ ಮಾಡಿದ್ದೆನ್ನುವ ಹಾಗೆ ಹೇಳತೊಡಗಿದರು. ಮಾತು ನಿಂತಿತು. ಒಂದೇ ಸೂರಿನ ಕೆಳಗೆ ಇಬ್ಬರೂ ಅಮ್ಮನ ಮೂಲಕ ಮಾತಾಡುತ್ತಿದ್ದರು. ಅವನಿಗೆ ಹೇಳು, ಇವನಿಗೆ ಹೇಳು. ಅವಳು ಮಗ್ಗದ ಸದ್ದಿನಲ್ಲಿ ಇಬ್ಬರ ಬೈಗುಳವನ್ನೂ ಸ್ವಲ್ಪ ತೊಳೆದು ಆ ಕಡೆಗೆ ದಾಟಿಸುತ್ತಿದ್ದಳು. ಲಾಳಿಯಾಗಿಬಿಟ್ಟೆ ಕಣೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದಳು.

ಕೊನೆಗೆ ನ್ಯಾಯಕ್ಕೆ ಪ್ರಭುದಾಸ್ ಮೇಷ್ಟ್ರನ್ನೇ ಕರೆದರು. ಅದರಲ್ಲಿ ಮಾತ್ರ ಅಣ್ಣತಮ್ಮಂದಿರಿಗೆ ಒಮ್ಮತವಿತ್ತು. ಇಬ್ಬರೂ ಅವರ ಹತ್ತಿರ ಮಗ್ಗಿ ಕಲಿತವರು. ಒಂದು ಭಾನುವಾರ ಮೇಷ್ಟ್ರು ಚರ್ಚು ಮುಗಿಸಿ ಬಿಳಿ ಅಂಗಿಯಲ್ಲೇ ಬಂದರು. ವಯಸ್ಸಾಗಿತ್ತು, ಹೊಸ್ತಿಲು ದಾಟಲು ನನ್ನ ಕೈ ಹಿಡಿದರು. ನಮ್ಮ ಕುಲದ ಹಿರಿಯರು ಇಬ್ಬರು ಬಂದು ಕೂತರು. ಮಗ್ಗಗಳನ್ನು ನಿಲ್ಲಿಸಿದ್ದರು. ಅಷ್ಟು ಮೌನದಲ್ಲಿ ಆ ಕೋಣೆಯನ್ನು ನೋಡಿ ನನಗೆ ಅಪ್ಪ ಹೋದ ದಿನ ನೆನಪಾಯಿತು.

ಇಬ್ಬರೂ ತಮ್ಮ ತಮ್ಮ ಮಾತು ಹೇಳಿಕೊಂಡರು. ಇಬ್ಬರ ಮಾತೂ ಸರಿಯಾಗಿಯೇ ಇತ್ತು, ಅದೇ ಕಷ್ಟ. ಮೇಷ್ಟ್ರು ಕೋಣೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಕಣ್ಣಲ್ಲೇ ಅಳೆದರು. ಆಮೇಲೆ ಮೆಲ್ಲಗೆ ಹೇಳಿದರು.

“ನಡುವೆ ಗೋಡೆ ಎಬ್ಬಿಸಿಬಿಡೋಣ. ನಿಮ್ಮಪ್ಪ ಕೂತು ನೇಯ್ತಿದ್ದ ಜಾಗದ ಮೇಲೇ ಹಾದುಹೋಗ್ಲಿ. ಅಮ್ಮನ ಒಲೆ ಮೇಲೇ ಹಾದುಹೋಗ್ಲಿ. ಆ ಕಡೆ ಅರ್ಧ ಒಬ್ಬನಿಗೆ, ಈ ಕಡೆ ಅರ್ಧ ಒಬ್ಬನಿಗೆ. ಏನಂತೀರಪ್ಪ?”

ಹೇಳಿ ನನ್ನ ಕಡೆ ನೋಡಿದರು. ಹಳೆಯ ರಾಜನಲ್ಲವೇ ನಾನು, ಆ ನೋಟದ ಅರ್ಥ ಥಟ್ಟನೆ ಹೊಳೆಯಿತು. ಅವರು ಗೋಡೆ ಕಟ್ಟಿಸಲು ಬಂದಿರಲಿಲ್ಲ. ಕತ್ತಿ ತರಿಸಿದ್ದರು. ಇಬ್ಬರಲ್ಲಿ ಒಬ್ಬನ ಬಾಯಲ್ಲಿ ಬೇಡ ಎಂಬ ಮಾತು ಬಂದರೆ ಸಾಕು, ಅಲ್ಲಿಂದ ಹಿಡಿದುಕೊಂಡು ಮನೆಯನ್ನು ಉಳಿಸಬಹುದು ಎಂದು ಅವರ ಎಣಿಕೆ. ನಾನು ಕಾಫಿಯ ತಟ್ಟೆ ಹಿಡಿದುಕೊಂಡೇ ನಿಂತೆ. ನಾಗರಾಜ ನೆಲ ನೋಡುತ್ತಿದ್ದ. ಶಂಕರ ಅಣ್ಣನ ಕಡೆ ನೋಡಿದ. ಅಣ್ಣ ತಲೆಯೆತ್ತಿದಾಗ ಇವನು ಬೇರೆ ಕಡೆ ತಿರುಗಿದ. ಈಗ ಅಂದಾರು, ಈಗ ಅಂದಾರು ಎಂದು ನನ್ನ ಜೀವವೆಲ್ಲ ಕಿವಿಯಾಗಿತ್ತು.

ಶಂಕರ ಆಗಲಿ ಎಂದ. ಸ್ವಲ್ಪ ಹೊತ್ತಿನ ಮೇಲೆ ನಾಗರಾಜನೂ ಆಗಲಿ ಬಿಡಿ ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಆಗ ಮುಂದೆ ಬಂದಳು. ನ್ಯಾಯದ ಜಾಗದಲ್ಲಿ ಹೆಂಗಸರು ಮಾತಾಡುವ ರೂಢಿ ನಮ್ಮಲ್ಲಿ ಕಡಿಮೆ, ಅವಳಂತೂ ಎಂದೂ ಆಡಿದವಳಲ್ಲ.

“ಗೋಡೆ ಬೇಡ ಮೇಷ್ಟ್ರೇ. ಯಾರ್ಗಾದ್ರೂ ಒಬ್ಬಂಗೆ ಕೊಟ್ಬಿಡಿ. ಮನೆ ಇಡಿಯಾಗಿರ್ಲಿ.”

ಆ ಕಥೆ ಕೇಳದೆ ಇದ್ದವಳು ಅವಳೊಬ್ಬಳೇ, ಆ ಮಾತು ಹೇಳಿದವಳೂ ಅವಳೊಬ್ಬಳೇ. ಮೇಷ್ಟ್ರ ಮುಖ ಅರಳಿದ್ದನ್ನು ನಾನು ನೋಡಿದೆ. ಆದರೆ ಶಂಕರ, ಒಬ್ಬಂಗೆ ಅಂದ್ರೆ ಅಣ್ಣಂಗೆ ಅಂತ ತಾನೆ ಎಂದ. ನಾಗರಾಜ ಒಣ ನಗೆ ನಕ್ಕು, ಅಮ್ಮ ಯಾವತ್ತು ತನ್ನ ಪರ ಮಾತಾಡಿದ್ದಾಳೆ ಎಂದು ಹಿರಿಯರನ್ನು ಕೇಳಿದ. ಅವಳು ಯಾರ ಹೆಸರನ್ನೂ ಎತ್ತಿರಲಿಲ್ಲ. ಹೆಸರಿಲ್ಲದ ಜಾಗದಲ್ಲಿ ಇಬ್ಬರಿಗೂ ಇನ್ನೊಬ್ಬನ ಹೆಸರು ಕೇಳಿಸಿತು.

ಕಥೆಯ ಪ್ರಕಾರ ಮನೆ ಅಮ್ಮನಿಗೆ ಸೇರಬೇಕು ಎಂದು ನಾನು ಹೇಳಿದೆ. ನನ್ನ ಗಂಟಲು ನಿಮಗೆ ಗೊತ್ತೇ ಇದೆ, ಮಗ್ಗವೂ ನಿಂತಿತ್ತು, ಆ ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ ಹೇಳಿದೆ. ಹಿರಿಯರಲ್ಲಿ ಒಬ್ಬರು, ಕೊಟ್ಟ ಹೆಣ್ಣು ತವರಿನ ನ್ಯಾಯಕ್ಕೆ ಬಾಯಿ ಹಾಕಬಾರದಮ್ಮ, ಕಾಫಿ ಆರುತ್ತೆ ಕೊಡು ಎಂದರು. ಎರಡೂ ಕಡೆಯವರು ಒಪ್ಪಿದ್ದಾರೆ, ಇನ್ನೇನು ಎಂದು ಇನ್ನೊಬ್ಬರು ಎದ್ದರು. ಮೇಷ್ಟ್ರು, ನಿಲ್ಲಿ, ಸ್ವಲ್ಪ ನಿಲ್ಲಿ ಎಂದರು. ಆದರೆ ಅವರದು ಮೆಲ್ಲನೆಯ ದನಿ. ಅಷ್ಟರಲ್ಲಿ ನಾಗರಾಜ ಮಗ್ಗದ ಸ್ವಿಚ್ಚು ಹಾಕಿಬಿಟ್ಟಿದ್ದ.

ಸಿಮೆಂಟ್ ಬ್ಲಾಕಿನ ಗೋಡೆ ಏಳಲು ಎಷ್ಟು ಹೊತ್ತು? ಅಪ್ಪನ ಹಳೆಯ ಮಗ್ಗ ಬಿಚ್ಚಿ ಗುಜರಿಗೆ ಹಾಕಿದರು. ಅಮ್ಮನ ಒಲೆಯ ಕಟ್ಟೆಯಲ್ಲಿ ಉಳಿದದ್ದು ಶಂಕರನ ಪಾಲಿಗೆ ಹೋಯಿತು, ದೇವರ ಗೂಡು ನಾಗರಾಜನ ಪಾಲಿಗೆ. ನಡುವೆ ಒಂದು ಬಾಗಿಲಾದರೂ ಇಡಿ ಎಂದು ನಾನು ಇಬ್ಬರಿಗೂ ಫೋನು ಮಾಡಿದೆ. ಬಾಗಿಲಿದ್ದರೆ ಚಿಲಕ ಯಾವ ಕಡೆ ಎಂಬ ಪ್ರಶ್ನೆ ಬರುತ್ತದಂತೆ. ಇಡಲಿಲ್ಲ. ಅಮ್ಮನಿಗೆ ಊಟ ತಿಂಡಿ ಅಣ್ಣನ ಕಡೆ, ಮಲಗುವುದು ತಮ್ಮನ ಕಡೆ ಎಂದು ಇಬ್ಬರೂ ಒಪ್ಪಿಕೊಂಡರು. ಅಮ್ಮನನ್ನು ಬೇಡ ಎಂದು ಇಬ್ಬರೂ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಇಬ್ಬರಿಗೂ ಬೇಕಾಗಿದ್ದಳು. ಅದಕ್ಕೇ ಅವಳೂ ಎರಡಾದಳು. ಆ ಕಡೆಯಿಂದ ಈ ಕಡೆಗೆ ಬರಬೇಕಾದರೆ ಸೆರಗು ತಲೆಯ ಮೇಲೆಳೆದುಕೊಂಡು ಬೀದಿಗೆ ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಮೆಟ್ಟಿಲು ಹತ್ತಬೇಕು. ದೇವರಿಗೆ ದೀಪ ಹಚ್ಚಲು ಒಂದು ಸಲ, ಮಾತ್ರೆ ತರಲು ಒಂದು ಸಲ, ಕನ್ನಡಕ ಮರೆತರೆ ಇನ್ನೊಂದು ಸಲ.

ಆಮೇಲೊಮ್ಮೆ ಸೂಲಿಬೆಲೆಯಲ್ಲಿ ನಮ್ಮವರದೊಂದು ಮದುವೆ. ಊಟದ ಪಂಕ್ತಿಯಲ್ಲಿ ನಾಗರಾಜ ನನ್ನ ಪಕ್ಕ ಕೂತಿದ್ದ. ಎದುರು ಪಂಕ್ತಿಯಲ್ಲಿ ಶಂಕರ. ನಾಗರಾಜ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು ತಿನ್ನದೆ ಕೂತು, ನನಗಷ್ಟೇ ಕೇಳಿಸುವಂತೆ ಹೇಳಿದ.

“ಬೇಡ ಅನ್ನೋಣ ಅಂತ ಬಾಯಿಗೆ ಬಂದಿತ್ತು ಕಣೆ ಅವತ್ತು. ಆ ಕಥೆ ಎಲ್ರಿಗೂ ಗೊತ್ತಲ್ಲ. ಬೇಡ ಅಂದಿದ್ರೆ, ಇಡೀ ಮನೆ ಹೊಡ್ಕೊಳ್ಳೋಕೆ ಅಣ್ಣ ನಾಟಕ ಆಡ್ತಾವ್ನೆ ಅಂತಿದ್ದ ಅವ್ನು.”

ನಾನು ಎಲೆ ಬಿಟ್ಟು ಎದ್ದೆ. ಕೈ ತೊಳೆಯುವ ನಲ್ಲಿಯ ಹತ್ತಿರ ಶಂಕರನನ್ನು ಹಿಡಿದು ನಿಲ್ಲಿಸಿ, ನಿನಗೆ ಅವತ್ತು ಏನನ್ನಿಸಿತ್ತು ಹೇಳು ಎಂದು ಕೇಳಿದೆ. ಅವನು ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಾ, ಮೇಷ್ಟ್ರು ಯಾವ ಕಥೆ ಎತ್ತಿದಾರೆ ಅಂತ ನಂಗೂ ಗೊತ್ತಾಯ್ತಕ್ಕ, ಸೋತಂಗೆ ನಟಿಸಿ ಗೆದ್ದ ಅಂತ ಅನ್ನಿಸ್ಕೊಳ್ಳೋದು ಬೇಡ ಅಂತ ಸುಮ್ನಾದೆ ಎಂದ. ಅಣ್ಣನೂ ಹಾಗೇ ಅಂದುಕೊಂಡಿದ್ದ ಎಂದೆ. ಅವನು ಈಗ ಹಾಗಂತಾನಾ ಎಂದು ನಕ್ಕುಬಿಟ್ಟ. ನಂಬಲಿಲ್ಲ. ಗೋಡೆ ಎದ್ದ ಮೇಲೆ ಹೇಳಿದ್ದನ್ನು ಯಾರು ನಂಬುತ್ತಾರೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆಯೇನೋ ಇದೆ. ನಮ್ಮ ಮನೆಯಲ್ಲಿ ಬುದ್ಧಿ ಕೆಡುವುದಕ್ಕೆ ಮುಂಚೆಯೇ ಬಂದು ಕೂತಿತ್ತು. ಬಾಯಿಗೂ ಬಂದಿತ್ತು. ಹೊರಗೆ ಬರಲಿಲ್ಲ.

ಆ ದಿನದಿಂದ ನನಗೆ ಬುದ್ಧಿಮಾತುಗಳೆಂದರೆ ಒಂದು ಥರ ಭಯ. ನಾವು ಆ ಕಥೆಯನ್ನು ಕೇಳಿರದಿದ್ದರೆ, ದಿಂಬು ಹಿಡಿದು ಆಡಿರದಿದ್ದರೆ, ಒಬ್ಬನಾದರೂ ಅಮ್ಮನ ಹಾಗೆ ಬೇಡ ಎಂದುಬಿಡುತ್ತಿದ್ದನೋ ಏನೋ. ಒಳ್ಳೆಯತನಕ್ಕೆ ಬಹುಮಾನ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಒಳ್ಳೆಯವನಾಗಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ನೀತಿಕಥೆ ಹೇಳಿ ಸಂಬಳ ತೆಗೆದುಕೊಂಡವಳು ಹೀಗೆ ಹೇಳಬಾರದು. ಆದರೆ ನನಗೆ ಅನ್ನಿಸುವುದೇ ಹೀಗೆ, ಏನು ಮಾಡಲಿ?

ಈ ಮಾತನ್ನೆಲ್ಲ ಮೇಷ್ಟ್ರಿಗೆ ಹೇಳಬಾರದು ಎಂದುಕೊಂಡೇ ಒಂದು ದಿನ ಹೋಗಿ ಹೇಳಿಬಿಟ್ಟೆ. ಅವರು ಈಗ ಹೆಚ್ಚಾಗಿ ಮಂಚದ ಮೇಲೇ ಇರುತ್ತಾರೆ. ನ್ಯಾಯಕ್ಕೆ ಯಾರು ಕರೆದರೂ ಹೋಗುವುದಿಲ್ಲ. ಪೂರ್ತಿ ಕೇಳಿ, ಬಾಗಿಲಾಚೆ ನೋಡುತ್ತಾ ಹೇಳಿದರು.

“ಆ ರಾಜನ ಕಥೇಲಿ ಒಂದು ಭಾಗ ನಿಮಗೆ ನಾನು ಹೇಳಿರ್ಲಿಲ್ಲ ಕಣಮ್ಮ. ವಯಸ್ಸಾದ್ಮೇಲೆ ಅವನ ಮನಸ್ಸೇ ದಾರಿ ತಪ್ತು. ಅವನು ಸತ್ಮೇಲೆ ರಾಜ್ಯ ಎರಡಾಯ್ತು. ಮಗೂನ ತುಂಡಾಗದ ಹಾಗೆ ಉಳಿಸಿದ, ಮನೆ ಉಳಿಸ್ಕೊಳ್ಳೋಕೆ ಆಗ್ಲಿಲ್ಲ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಕ್ಕಳಿದ್ರಿ, ಅಷ್ಟರಲ್ಲಿ ಕರೆಂಟೂ ಬಂದ್ಬಿಡ್ತಿತ್ತು ಎಂದರು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರ ಕಣ್ಣಲ್ಲಿ ನೀರಿತ್ತು, ಅದು ವಯಸ್ಸಿನದೋ ಬೇರೆಯದೋ ನಾನು ನೋಡಹೋಗಲಿಲ್ಲ. ಹೊರಡುವಾಗ, ಹಾಗಾದರೆ ಕ್ಯಾಲೆಂಡರ್ ಯಾಕೆ ಇನ್ನೂ ಕಳಿಸುತ್ತೀರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೊಸ ವರ್ಷಕ್ಕೆ ಕೇಕಿನ ಜೊತೆ ಬಂತು. ಮೊಳೆಗೆ ಹಾಕಿದೆ.

ಈಗ ಟೀಪುಡಿ ಡಬ್ಬದ ಕೆಳಗಿನ ಹಾಳೆಯ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಹೇಳದೆ ಕೇಳದೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಸುಡುವ ಮಧ್ಯಾಹ್ನ. ಮಗ್ಗದ ಬೀದಿಗೆ ತಿರುಗಿದಾಗ ದೂರದಿಂದಲೇ ಅಮ್ಮ ಕಂಡಳು. ನಮ್ಮ ಮನೆಯ ಮುಂದೆ, ಗೋಡೆಯ ಅಂಚು ಬೀದಿಗೆ ಬಂದು ಮುಟ್ಟುವಲ್ಲಿ, ತಲೆಯ ಮೇಲೆ ಸೆರಗು ಹಾಕಿಕೊಂಡು ನಿಂತಿದ್ದಳು. ಕೈಯಲ್ಲಿ ತೊಳೆದ ತಟ್ಟೆ. ಊಟ ಮಾಡಿ ಹೊರಗೆ ಬಂದಿದ್ದಾಳೆ, ಹಿಂದೆ ನಾಗರಾಜನ ಮನೆಯ ಬಾಗಿಲು ಗಾಳಿಗೆ ಹಾಕಿಕೊಂಡು ಲಾಕಾಗಿದೆ. ಒಳಗೆ ಮಗ್ಗದ ಅಬ್ಬರ. ಶಂಕರನ ಅಂಗಡಿಯವರು ಊಟದ ಹೊತ್ತೆಂದು ಗಾಜಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕತ್ತಿನ ಹತ್ತಿರ ಸೀರೆಯೆಲ್ಲ ಬೆವರಿನಿಂದ ತೊಯ್ದಿತ್ತು. ನನ್ನನ್ನು ಕಂಡು ನಕ್ಕಳು.

ನನಗೆ ಸಿಟ್ಟು ಬಂತು. ಗಂಡುಮಕ್ಕಳು ಇಬ್ಬರೂ ಒಳಗಿದ್ದಾರೆ, ಇಷ್ಟು ಬಿಸಿಲಲ್ಲಿ ನಿಂತಿದ್ದೀಯಲ್ಲ, ಒಂದು ಸಲ ಕೂಗಬಾರದಾ, ಜನ್ಮವೆಲ್ಲ ಕೂಗಿಯೇ ಬದುಕಿದವಳಲ್ಲವೇ ನೀನು ಎಂದು ಬೀದಿ ಎಂಬುದನ್ನೂ ಮರೆತು ಅವಳ ಮೇಲೆಯೇ ರೇಗಿದೆ. ಅವಳು ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು. ಒಂದು ಸಲ ಈ ಬಾಗಿಲು ನೋಡಿದಳು, ಒಂದು ಸಲ ಆ ಬಾಗಿಲು.

“ಯಾವ ಬಾಗಿಲಿಗೆ ಮುಖ ಮಾಡಿ ಕೂಗ್ಲಿ, ನೀನೇ ಹೇಳವ್ವ” ಎಂದಳು.

ನಾನು ಓದಿದವಳು. ರಾಜನ ಪಾತ್ರ ಮಾಡಿದವಳು. ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತೆ.